ಮಾಸಿನಾ ಬರೆದ ಎರಡನೆಯ ಪತ್ರ

ಗ್ಯಾಟನ್, ಆಸ್ಟ್ರೇಲಿಯಾ
ಮೇ 6, 2018

ಅಮ್ಮಾ,

ಫೋನ್ ಬಿಟ್ಟು ಕಾಗದ ಯಾಕೆ ಬರೀತಿದೀನಿ ಅಂತ ಕೇಳ್ಬೇಡ. ನಮ್ಮನೇಗೆ ಗೋಡೆ ಇಲ್ಲ, ಬರೀ ಕಂಬ, ಸೂರು. ಫೋನ್ ಬಂದ್ರೆ ನೀನು ಸ್ಪೀಕರಿಗೆ ಹಾಕಿ ಚಾಪೆ ಮಧ್ಯ ಇಡ್ತೀಯ. ನಾನಿಲ್ಲಿ ಸೀನಿದ್ರೆ ಅಲ್ಲಿ ಮೂರು ಮನೆಯೋರು ಹುಷಾರಿಲ್ವಾ ಅಂತಾರೆ. ಈ ಮಾತು ನಿನ್ ಕಣ್ಣಿಗೆ ಮಾತ್ರ.

ಹೋದ ಭಾನುವಾರ ಲೂಪೆ ಏನಂದ್ಲು ಕೇಳಿಸ್ಕೊಂಡ್ಯಾ? "ಅಮ್ಮಾ, ನಿನ್ ಪಾಪ ಕ್ಷಮಿಸು ಅಂತ ದಿನಾ ಸಂಜೆ ಕೇಳ್ಕೋತೀನಿ." ಏಳು ವರ್ಷದ ಕೂಸು! ಯಾವ ಪಾಪನೇ ಅಂದೆ. "ಗೊತ್ತಿಲ್ಲ, ಪಾದ್ರಿಯಮ್ಮ ಶಾಲೇಲಿ ಹೇಳ್ಕೊಟ್ರು" ಅಂದ್ಲು. ಅವಳಿಗೆ ಗೊತ್ತಿಲ್ಲ. ನಂಗೊತ್ತು. ಆ ಪಾಪ ಅಂದ್ರೆ ಅವಳೇ.

ನೆನಪಿದ್ಯಾ ನಿಂಗೆ? ನಂಗೆ ಹದಿನಾರು. ಹೊಟ್ಟೆ ಕಾಣೋಕೆ ಶುರುವಾದ ತಕ್ಷಣ ಸ್ಕೂಲಿಗೆ ಬರ್ಬೇಡ ಅಂದ್ರು. ಅಲ್ಲಿಗೆ ಮುಗೀತು ನನ್ ಓದು. ಮುಂದಿನ ಭಾನುವಾರ ಚರ್ಚಲ್ಲಿ ಅಪ್ಪ ಸಭೆಯ ಹಿರಿಯರ ಬಿಳಿ ಕೋಟು ಹಾಕ್ಕೊಂಡು ಎದ್ದು ನಿಂತು, ತಲೆ ತಗ್ಗಿಸಿ, "ನನ್ ಮಗಳ ತಪ್ಪಿಗೆ ಕ್ಷಮೆ" ಅಂದ. ಕೋಟು ಬಿಚ್ಚಿಸಿ ಹಿಂದಿನ ಸಾಲಲ್ಲಿ ಕೂರಿಸಿದ್ರು. ಆ ಹುಡುಗ? ಅವತ್ತೇ ಹಾಡಿನ ಗುಂಪಲ್ಲಿ ಮುಂದೆ ನಿಂತು ಬಾಯಿ ಬಿಟ್ಕೊಂಡು ಹಾಡ್ದ. ಅವನ ಅಪ್ಪನ್ನ ಯಾರೂ ಎಬ್ಬಿಸ್ಲಿಲ್ಲ. ನಮ್ಮಪ್ಪ ಅವತ್ತಿಂದ ನನ್ ಜೊತೆ ಒಂದು ಮಾತೂ ಆಡಿಲ್ಲ.

ಆ ಸಭೆ ನನ್ ಮಗಳಿಗೆ ಬೇಡ. ದೊಡ್ಡೋಳಾದ್ಮೇಲೆ ಬೇಕು ಅನ್ಸಿದ್ರೆ ಅವಳೇ ಹೋಗ್ಲಿ. ನೀನು ಎರಡು ಕೆಲಸ ಮಾಡು. ಪಾದ್ರಿಯಮ್ಮನ ಶಾಲೆ ಬಿಡಿಸು. ಅಕ್ಟೋಬರಲ್ಲಿ ಮಕ್ಕಳ ಹಬ್ಬ, ಬಿಳಿ ಭಾನುವಾರ ಬರುತ್ತಲ್ಲ, ಅವತ್ತು ಅವಳನ್ನ ಊರ ಮುಂದೆ ನಿಲ್ಲಿಸಿ ಬೈಬಲ್ ವಚನ ಹೇಳಿಸ್ಬೇಡ. ಒಂಬತ್ತನೇ ವಯಸ್ಸಲ್ಲಿ ನಾನು ನಿಂತಿದ್ದೆ. "ಅಪೊಸ್ತಲನು ಬರೆದ ಎರಡನೆಯ ಪತ್ರ, ಮೂರನೆಯ ಅಧ್ಯಾಯ" ಅಂತ ಎಲ್ಲಿಯ ವಚನ ಅನ್ನೋದು ಮೊದಲು ಹೇಳ್ಬೇಕು. ಅದನ್ನ ಹೇಳ್ದೆ. ಅಲ್ಲಿಗೇ ನಿಂತೋಯ್ತು. ಎಲ್ರೂ ನಕ್ರು. ಮನೆಗೆ ಬಂದ್ಮೇಲೆ ಅಪ್ಪ ಸಂಜೆ ಪ್ರಾರ್ಥನೆಗೆ ಶಂಖ ಊದೋವರೆಗೂ "ಮೊದಲಿಂದ ಹೇಳು, ಮೊದಲಿಂದ ಹೇಳು" ಅಂತ ಕೂರಿಸ್ದ. ವರ್ಷದಲ್ಲಿ ಅದೊಂದೇ ದಿನ ಮಕ್ಕಳಿಗೆ ಮೊದಲು ಬಡಿಸೋದು. ಅವತ್ತು ನಂಗೆ ಎಲ್ಲರ ಎಂಜಲು ಎತ್ತಿದ್ಮೇಲೆ ಊಟ.

ಈ ಎರಡು ಮಾತು ನಡೀಲಿಲ್ಲ ಅಂದ್ರೆ, ಡಿಸೆಂಬರಲ್ಲಿ ಇಲ್ಲಿ ಎಲೆಕೋಸು ಕೊಯ್ಯೋ ಕೆಲಸ ಮುಗಿದ ತಕ್ಷಣ ಬಂದು ಲೂಪೆನ ಆಕ್ಲೆಂಡಿಗೆ ಕರ್ಕೊಂಡ್ ಹೋಗ್ತೀನಿ. ಅಲ್ಲಿರೋ ಫಿಪೆ ಚಿಕ್ಕಮ್ಮ ಬಾ ಅಂದಿದಾಳೆ. ಆಮೇಲೆ ನೀನು ಮೊಮ್ಮಗಳನ್ನ ಫೋಟೋದಲ್ಲಿ ನೋಡ್ಕೊಂಡಿರು.

ಮಾಸಿನಾ


ಸವಾಯಿ, ಸಮೋವಾ
ಜೂನ್ 3, 2018

ಮಗಳೇ ಮಾಸಿನಾ,

ನಿನ್ನ ಕಾಗದ ಬಂತು. ಎರಡು ಸಲ ಕೇಳಿದೆ. ಕೈ ಕಾಲು ಚೆನ್ನಾಗಿದೆ ತಾನೆ? ಕೋಸು ಕೊಯ್ಯುವಾಗ ಬೆರಳು ನೋಡ್ಕೋ.

ಕರಿ ಹಂದಿ ಹನ್ನೊಂದು ಮರಿ ಹಾಕಿತು. ಎರಡರ ಮೇಲೆ ಅದೇ ಮಲಗಿ ಸಾಯಿಸಿತು. ಉಳಿದದ್ದರಲ್ಲಿ ಒಂದು ತನ್ನದು ಅಂತ ಲೂಪೆ ಕಿವಿಗೆ ನೂಲು ಕಟ್ಟಿದ್ದಾಳೆ. ನಿಮ್ಮಪ್ಪನಿಗೆ ಮಂಡಿ ನೋವು. ಆದ್ರೂ ತೋಟಕ್ಕೆ ಹೋಗೋದು ಬಿಡಲ್ಲ.

ಪಾದ್ರಿ ಮನೆ ಶಾಲೆ ಬಿಡಿಸಲಾರೆ. ಸರ್ಕಾರಿ ಶಾಲೇಲಿ ಒಬ್ಬ ಮೇಷ್ಟ್ರು, ಐವತ್ತು ಮಕ್ಕಳು. ನಮ್ಮ ಅಕ್ಷರ ಕಲಿಯುವುದು ಪಾದ್ರಿ ಮನೆಯ ಚಾಪೆಯ ಮೇಲೆ. ನೀನೂ ಅಲ್ಲೇ ಕಲಿತೆ. ಆದ್ದರಿಂದಲೇ ಇವತ್ತು ನನಗೆ ಬೈದು ಬರೆಯೋಕೆ ಆಯ್ತು.

ದೊಡ್ಡೋಳಾಗಿ ತಾನೇ ಆರಿಸ್ಕೊಳ್ಲಿ ಅಂತೀಯ. ಹಾಗಾದ್ರೆ ಮಾತೂ ಕಲಿಸದೆ ಇಡ್ಲಾ, ಯಾವ ಭಾಷೆ ಬೇಕೋ ದೊಡ್ಡೋಳಾಗಿ ಆರಿಸ್ಲಿ ಅಂತ? ಭಯ ಆದಾಗ ಏನು ಮಾಡ್ಬೇಕು ಅಂತ ನಮ್ಮಮ್ಮ ನಂಗೆ ಹೇಳ್ಕೊಟ್ಟಿದ್ದು ಒಂದೇ. ದೊಡ್ಡ ಗಾಳಿ ಬಂದು ಸೂರು ಹಾರಿ ಹೋದಾಗ ನಿಮ್ಮನ್ನೆಲ್ಲ ಚಾಪೆ ಕೆಳಗೆ ಅದುಮಿಕೊಂಡು ಹಾಡಿದೆ. ಆ ಹಾಡು ಬಿಟ್ರೆ ನನ್ ಕೈಲಿ ಬೇರೇನೂ ಇರಲಿಲ್ಲ. ಲೂಪೆಗೆ ಅದನ್ನ ಕೊಡಬೇಡ ಅಂದ್ರೆ, ಬೇರೆ ಏನು ಕೊಡ್ಲಿ ಹೇಳು. ಇದ್ರೆ ಕೊಡ್ತೀನಿ.

ಬಿಳಿ ಭಾನುವಾರದ ಮಾತು ನಡೆಸಿಕೊಡ್ತೀನಿ. ನಾನು ಒಂದು ವಚನವನ್ನೂ ಹೇಳಿಕೊಡಲ್ಲ. ಅವಳನ್ನ ಎಬ್ಬಿಸಲ್ಲ. ಮಾತು ಕೊಟ್ಟೆ. ಆಕ್ಲೆಂಡ್ ವಿಷಯ ಬರೀಬೇಡ.

ನೀನಿರೋ ಕಡೆ ನಮ್ಮೋರ ಸಭೆ ಇದೆಯಂತೆ. ದೇವರಿಗೆ ಬೇಡ, ಊಟಕ್ಕಾದ್ರೂ ಹೋಗಿ ಬಾ. ಭಾನುವಾರ ಒಬ್ಬಳೇ ಕೂರಬೇಡ.

ನಿನ್ನ ಅಮ್ಮ,
ಸಿಯೆನಿ


ಗ್ಯಾಟನ್
ಜುಲೈ 1, 2018

ಅಮ್ಮಾ,

ಮಾತು ತಿರುಗಿಸ್ಬೇಡ. ಹಂದಿ ಎಷ್ಟು ಮರಿ ಹಾಕ್ತು ಅಂತ ನಾನು ಕೇಳಿದ್ನಾ?

ಭಾಷೆ ಬೇರೆ, ಇದು ಬೇರೆ. ಭಾಷೆ ತಪ್ಪಾಡ್ದೆ ಅಂತ ಯಾರೂ ಅಪ್ಪನ ಕೋಟು ಬಿಚ್ಚಿಸ್ಲಿಲ್ಲ. ಗಾಳಿ ಬಂದಾಗ ಹಾಡ್ದೆ, ಸರಿ, ನಂಗೂ ನೆನಪಿದೆ. ಆದ್ರೆ ನನ್ ಮೇಲೇ ಸೂರು ಬಿದ್ದಾಗ ಆ ಹಾಡು ಹಾಡೋರೆಲ್ಲ ಎಲ್ಲೋಗಿದ್ರು? ಅವರೇ ತಾನೆ ಕೆಡವಿದ್ದು? ನೀನೂ ಅವತ್ತು ತುಟಿ ಬಿಚ್ಚಲಿಲ್ಲ. ಮಡಿಲಲ್ಲಿದ್ದ ಪುಸ್ತಕ ನೋಡ್ಕೊಂಡು ಕೂತಿದ್ದೆ.

ವಚನ ಹೇಳ್ಕೊಡಲ್ಲ ಅಂದ್ಯಲ್ಲ, ಅದೊಂದು ಸರಿ. ಆದ್ರೆ ಆ ಹೆಂಗಸಿನ ಚಾಪೆ ಮೇಲೆ ಕೂರ್ಸೋದು ಬಿಡ್ಲಿಲ್ಲ. ಪಾದ್ರಿಯಮ್ಮನ ವಿಷಯ ನಂಗೆ ಹೇಳ್ಬೇಡ. ಆ ಟೋಪಿ ನೋಡು, ಬುಟ್ಟಿ ಕವುಚಿ ಹಾಕ್ದಂಗೆ! ಅದರ ಕೆಳಗಿಂದ ಯಾರು ಆಕಳಿಸಿದ್ರು, ಯಾರ ಮಗು ಅತ್ತಿತು, ಯಾರ ಲಂಗ ಎಷ್ಟು ಮೋಟು ಅಂತ ನೋಡೋದೇ ಕೆಲಸ. ಹಾಡು ಬೇರೆ. ಹಂದಿ ಹಿಡಿಯೋಕೆ ಹೋದಾಗ ಕಿರುಚುತ್ತಲ್ಲ, ಅದೇ ರಾಗ. ಅಪ್ಪ ತಲೆ ತಗ್ಗಿಸಿ ನಿಂತಾಗ ಅವಳು ಮುಂದಿನ ಸಾಲಲ್ಲಿ ಬೀಸಣಿಗೆ ಬೀಸ್ಕೊಂಡು ಕೂತಿದ್ಲು. ಕೈ ಒಂದ್ಸಲ ನಿಲ್ಲಿಸ್ಲೂ ಇಲ್ಲ. ನಾನು ಅದನ್ನ ಮರೀತೀನಿ ಅಂದ್ಕೊಂಡ್ಯಾ?

ಹಿಂದ್ಗಡೆ ಬರ್ದಿರೋದು ಲೂಪೆಗೆ. ಅವಳಿಗೆ ಓದಿ ಹೇಳು. ಒಂದಕ್ಷರ ಬಿಡ್ಬೇಡ.

ಮಾಸಿನಾ

ಲೂಪೆ,
ನೀನು ಯಾರ ತಪ್ಪೂ ಅಲ್ಲ. ನೀನು ಹುಟ್ಟಿದ್ದಕ್ಕೆ ಯಾರೂ ಯಾರ ಹತ್ರಾನೂ ಕ್ಷಮೆ ಕೇಳ್ಬೇಕಾಗಿಲ್ಲ. ನೀನು ಹುಟ್ಟಿದ ದಿನ ಮನೇಲಿ ಮೀನಿತ್ತು. ನಾನು ಎರಡು ತಟ್ಟೆ ತಿಂದೆ. ಅಷ್ಟು ಹಸಿವು, ಅಷ್ಟು ಖುಷಿ.
ಏನಾದ್ರೂ ಬಾಯಿಪಾಠ ಮಾಡ್ಲೇಬೇಕು ಅಂದ್ರೆ ಇದನ್ನ ಮಾಡು.


ಸವಾಯಿ
ಜುಲೈ 30, 2018

ಮಾಸಿನಾ,

ಇದು ನಿನ್ನ ಅಮ್ಮ ಹೇಳಿ ಬರೆಸಿದ ಪತ್ರವಲ್ಲ. ನಾನೇ ಬರೆಯುತ್ತಿದ್ದೇನೆ. ನಾನು ವಾಯೋಲಾ, ಪಾದ್ರಿಯ ಹೆಂಡತಿ, ನೀನು ಪಾದ್ರಿಯಮ್ಮ ಎನ್ನುವವಳು.

ನಿನ್ನ ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿದೆ. ಕ್ರಿಸ್‌ಮಸ್‌ನಿಂದ ಈಚೆಗೆ ಅಕ್ಷರ ಕಾಣುವುದಿಲ್ಲ. ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ನಿನಗೆ ಹೇಳಬಾರದೆಂದು ಆಣೆ ಹಾಕಿದ್ದರು. ನಾನು ಈಗ ಆಣೆ ಮುರಿಯುತ್ತಿದ್ದೇನೆ. ನಿನ್ನ ಅಪ್ಪನಿಗೆ ಕಾಗದ ಓದಿ ಹೇಳಿ ಎಂದರೆ ಎದ್ದು ತೋಟಕ್ಕೆ ಹೋಗುತ್ತಾರೆ. ಹಾಗಾಗಿ ನಿನ್ನ ಎರಡು ಪತ್ರಗಳನ್ನೂ ಓದಿದ್ದು ನಾನು. ಜೂನ್ ತಿಂಗಳ ಉತ್ತರ ಬರೆದ ಕೈಯೂ ನನ್ನದು.

ನನ್ನ ಟೋಪಿಯ ವಿಷಯ ಬಂದಾಗ ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ನಿನ್ನ ಅಮ್ಮ ಕೆಮ್ಮು ಬರುವ ತನಕ ನಕ್ಕರು. ಆಮೇಲೆ, "ಪಾದ್ರಿಯಮ್ಮ, ತಪ್ಪು ತಿಳ್ಕೋಬೇಡಿ, ಹುಡುಗಿ ಒರಟು" ಎಂದರು. ಅವರಿಗೆ ಇನ್ನೂ ನಗು ಬರುತ್ತಿತ್ತು.

ಬೀಸಣಿಗೆ ನಿಲ್ಲಿಸಲಿಲ್ಲ ಎಂದು ಬರೆದಿದ್ದೀಯ. ನಿಜ. ಕೈ ನಿಲ್ಲಿಸಿದರೆ ಎದ್ದು ಏನಾದರೂ ಹೇಳಬೇಕಾಗುತ್ತದೆ ಎಂದು ಗೊತ್ತಿತ್ತು. ಹೇಳಲಿಲ್ಲ.

ಮಕ್ಕಳಿಗೆ ಪ್ರಾರ್ಥನೆ ಕಲಿಸಿದ್ದು ತಪ್ಪು ಎಂದು ನಾನು ಒಪ್ಪುವುದಿಲ್ಲ. ದೂರ ಹೋದವರಿಗಾಗಿ ಪ್ರಾರ್ಥಿಸಿ ಎಂದು ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಪಾಪ ಎನ್ನುವ ಮಾತು ಆ ಪ್ರಾರ್ಥನೆಯಲ್ಲಿ ಮೊದಲಿಂದಲೂ ಇದೆ. ಲೂಪೆಯ ಬಾಯಲ್ಲಿ ಅದು ಹೇಗೆ ಕೇಳುತ್ತದೆ ಎಂದು ಯೋಚಿಸಿರಲಿಲ್ಲ.

ಹಾಳೆಯ ಹಿಂದೆ ಬರೆದದ್ದನ್ನು ಓದಲು ನನಗೆ ಬಾಯಿ ಬರಲಿಲ್ಲ. ಕಾಗದವನ್ನು ಲೂಪೆಯ ಕೈಗೆ ಕೊಟ್ಟೆ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಅವಳೇ ಓದಿದಳು. "ಕ್ಷಮೆ" ಎನ್ನುವಲ್ಲಿ ಸ್ವಲ್ಪ ತಡವರಿಸಿದಳು, ಆ ಒತ್ತಕ್ಷರ ಇನ್ನೂ ಗಟ್ಟಿಯಾಗಿಲ್ಲ. ಕಾಗದ ಈಗ ಅವಳ ಹತ್ತಿರವೇ ಇದೆ.

ವಾಯೋಲಾ


ಗ್ಯಾಟನ್
ಆಗಸ್ಟ್ 19, 2018

ಅಮ್ಮಾ,

ಲೂಪೆ, ಇದನ್ನ ನೀನು ಓದು. ಬೇರೆ ಯಾರ ಕೈಗೂ ಕೊಡ್ಬೇಡ. ಗೊತ್ತಿಲ್ಲದ ಮಾತು ಬಂದ್ರೆ ದಾಟ್ಕೊಂಡು ಹೋಗು.

ಅಮ್ಮಾ, ನಿಂಗೆ ಬುದ್ಧಿ ಇದ್ಯಾ? ಕಣ್ಣು ಕಾಣಲ್ಲ ಅಂತ ಹೇಳೋದಕ್ಕೆ ಏನಾಗಿತ್ತು? ಪ್ರಾರ್ಥನೆ ಮಾಡಿದ್ರೆ ಪೊರೆ ಕರಗುತ್ತೆ ಅಂದ್ಕೊಂಡಿದ್ಯಾ? ಆಸ್ಪತ್ರೇಲಿ ಅದನ್ನ ಅರ್ಧ ಗಂಟೇಲಿ ತೆಗೀತಾರೆ. ಇಲ್ಲಿ ನನ್ ಜೊತೆ ಕೋಸು ಕೊಯ್ಯೋಳ ಅಜ್ಜಿಗೆ ತೆಗ್ದಿದಾರೆ, ಈಗ ಸೂಜಿಗೆ ದಾರ ಪೋಣಿಸ್ತಾಳಂತೆ.

ನಿನ್ ಕಣ್ಣಿಗೆ ಮಾತ್ರ ಅಂತ ಬರ್ದೆ. ನೀನು ತಗೊಂಡು ಹೋಗಿ ಯಾರ ಮುಂದೆ ಇಟ್ಟೆ! ಹೊಟ್ಟೇಲಿದ್ದಿದ್ದೆಲ್ಲ ಆ ಹೆಂಗಸಿನ ಮುಂದೆ ಸುರಿದಂಗಾಯ್ತು. ನಂಗೆ ಅನುಮಾನಾನೇ ಬರ್ಲಿಲ್ಲ. ಯಾಕೆ ಬರುತ್ತೆ? ಊರಲ್ಲಿ ಎಲ್ಲರ ಕೈಬರಹಾನೂ ಒಂದೇ. ಆ ಚಾಪೆ ಮೇಲೆ ಕೂತು ಕಲ್ತಿದ್ದಲ್ವಾ, ಅದೇ ದುಂಡಕ್ಷರ, ಅದೇ ಬಾಲ. ನಿಂದೂ ಅದೇ, ಅವಳದ್ದೂ ಅದೇ. ಈಗ ಬರೀತಿರೋ ಇದನ್ನ ನೋಡ್ದೆ, ನಂದೂ ಅದೇ. ಓರೆಯಾಗಿ ಬರ್ದು ನೋಡ್ದೆ. ಎರಡು ಸಾಲಾದ್ಮೇಲೆ ಕೈ ಮತ್ತೆ ಅಲ್ಲಿಗೇ ಹೋಗುತ್ತೆ. ಥೂ. ನೀನು "ಆದ್ದರಿಂದಲೇ" ಅಂತ ಬರೆಸ್ದಾಗಲೇ ನಂಗೆ ಗೊತ್ತಾಗ್ಬೇಕಿತ್ತು. ನೀನು ಯಾವತ್ತು ಆದ್ದರಿಂದ ಅಂದಿದೀಯ!

ಸಭೆಗೆ ಹೋಗಲ್ಲ. ಊಟಕ್ಕೂ ಹೋಗಲ್ಲ. ಭಾನುವಾರ ಎಲ್ರೂ ಹೋದ್ಮೇಲೆ ಬಟ್ಟೆ ಒಗೆಯೋ ಮಿಷನ್ ಖಾಲಿ ಇರುತ್ತೆ, ಅದೇ ಸುಖ. ಮೊನ್ನೆ ಕೋಸು ಕೊಯ್ತಾ ಏನೋ ಗುನುಗ್ತಿದ್ದೆ. ಪಕ್ಕದ ಸಾಲಿನ ಫಿಜಿಯೋಳು ಅದಕ್ಕೆ ಎರಡನೇ ದನಿ ಸೇರಿಸಿದ್ಲು. ಆಗ ಗೊತ್ತಾಯ್ತು ಏನು ಗುನುಗ್ತಿದೀನಿ ಅಂತ. ಗಾಳಿ ಬಂದ ದಿನ ನೀನು ಹಾಡಿದ್ದು. ತಕ್ಷಣ ಬಾಯಿ ಮುಚ್ಕೊಂಡೆ. ಅವಳು "ಯಾಕೇ ನಿಲ್ಲಿಸ್ದೆ, ಹುಳ ಕಚ್ತಾ?" ಅಂದ್ಲು.

ಡಿಸೆಂಬರಲ್ಲಿ ಬರ್ತೀನಿ. ನಿನ್ ಕಣ್ಣು ತೋರಿಸ್ತೀನಿ. ಆಮೇಲೆ ಲೂಪೆನ ಕರ್ಕೊಂಡ್ ಹೋಗ್ತೀನಿ. ಇನ್ನು ಇದರಲ್ಲಿ ಮಾತಿಲ್ಲ. ನನ್ನಿಂದ ಕಣ್ಣಿನ ವಿಷಯ ಮುಚ್ಚಿಟ್ಟೋಳು ಇನ್ನೇನು ಮುಚ್ಚಿಟ್ಟಿದೀಯೋ ನಂಗೇನು ಗೊತ್ತು.

ಮಾಸಿನಾ


ಸವಾಯಿ
ಅಕ್ಟೋಬರ್ 15, 2018

ಅಮ್ಮಾ,

ನಾನು ಲೂಪೆ. ಇದು ನಾನೇ ಬರೀತಿರೋದು. ಅಜ್ಜಿ ಪಕ್ಕ ಕೂತು ಹೇಳ್ತಿದಾರೆ, ಆದ್ರೆ ನಾನು ನಂದೇ ಬರೀತೀನಿ.

ನಿನ್ನೆ ಬಿಳಿ ಭಾನುವಾರ ಆಯ್ತು. ಅಜ್ಜಿ ಬೈಸ್ಕೋತೀನಿ ಅಂತ ಹೆದರಿದಾರೆ. ಅವರು ನಂಗೆ ವಚನ ಹೇಳ್ಕೊಡ್ಲಿಲ್ಲ. ಪಾದ್ರಿಯಮ್ಮಾನೂ ಹೇಳ್ಕೊಡ್ಲಿಲ್ಲ. ಬಿಳಿ ಫ್ರಾಕ್ ಮಾತ್ರ ಹೊಲಿಸಿದ್ರು. ಫ್ರಾಕ್ ಬೇಡ ಅಂತ ನಿಮ್ಮಮ್ಮ ಬರ್ದಿಲ್ಲ ಅಂದ್ರು.

ಎಲ್ಲ ಮಕ್ಕಳೂ ಒಬ್ಬೊಬ್ಬರೇ ಹೋಗಿ ವಚನ ಹೇಳಿದ್ರು. ಪುಟ್ಟ ತೋಮಾ ಅತ್ತುಬಿಟ್ಟ. ಎಲ್ರೂ ಆದ್ಮೇಲೆ ನಾನೇ ಎದ್ದು ಹೋದೆ. ಅಜ್ಜಿ "ಎಲ್ಲಿಗೇ? ಏಯ್, ಕೂತ್ಕೋ" ಅಂದ್ರು. ಫ್ರಾಕ್ ಹಿಡಿಯೋಕೆ ಬಂದ್ರು, ಅವರಿಗೆ ಕಾಣಲ್ವಲ್ಲ, ತೋಮಾನ ಅಂಗಿ ಹಿಡ್ಕೊಂಡ್ರು.

ನಾನು ಮುಂದೆ ನಿಂತು "ಮಾಸಿನಾ ಲೂಪೆಗೆ ಬರೆದ ಎರಡನೆಯ ಪತ್ರ" ಅಂದೆ. ತೋಫಾ ಅಂತ ಹಿರಿಯರಿದಾರಲ್ಲ, ಅವರು "ಯಾವ ಅಧ್ಯಾಯ ಮಗೂ?" ಅಂದ್ರು. "ಒಂದೇ ಇರೋದು, ಕಾಗದದ ಹಿಂದ್ಗಡೆ" ಅಂದೆ. ಆಮೇಲೆ ಹೇಳ್ದೆ. ಪೂರ್ತಿ ಹೇಳ್ದೆ. ಅಷ್ಟು ಹಸಿವು ಅಷ್ಟು ಖುಷಿ ಅನ್ನೋವರೆಗೂ.

ಯಾರೂ ನಗ್ಲಿಲ್ಲ. ಪಾದ್ರಿಯಮ್ಮ ಬೀಸಣಿಗೆ ಬೀಸೋದು ನಿಲ್ಲಿಸಿದ್ರು. ತೋಫಾ ಅವರು "ಇದು ವಚನ ಅಲ್ಲ. ಯೆರೆಮಿಯಾ, ಏನಿದು?" ಅಂತ ತಾತನ್ನ ಕೇಳಿದ್ರು. ಹಿಂದಿನ ಸಾಲಿಂದ ತಾತ ಎದ್ದು ನಿಂತ್ರು. ಮಂಡಿ ನೋವಲ್ವಾ, ಬೆಂಚ್ ಹಿಡ್ಕೊಂಡು ನಿಧಾನ ಎದ್ರು. "ವಚನ ಅಲ್ಲ. ಆದ್ರೆ ಒಂದಕ್ಷರಾನೂ ತಪ್ಪಿಲ್ಲ" ಅಂದ್ರು. ಅಷ್ಟೇ ಹೇಳಿ ಕೂತ್ಕೊಂಡ್ರು.

ತಾತನಿಗೆ ಹೆಂಗೆ ಗೊತ್ತು ಅಂದ್ರೆ, ಅವರೇ ದಿನಾ ಕೇಳಿಸ್ಕೊಳ್ತಿದ್ದಿದ್ದು. ಅಜ್ಜಿಗೆ ಗೊತ್ತಿರ್ಲಿಲ್ಲ. ನೀನು ಬಾಯಿಪಾಠ ಮಾಡು ಅಂದಿದ್ಯಲ್ಲ, ಅದಕ್ಕೆ ನಾನು ತೋಟದಲ್ಲಿ ಕೋಕೋ ಬೀಜ ಹರಡ್ತಾ ಹೇಳ್ಕೋತಿದ್ದೆ. ತಾತ "ಏನದು? ಎಲ್ಲಿ, ಕೊಡು" ಅಂದ್ರು. ಕಾಗದ ಇಸ್ಕೊಂಡು ತುಂಬ ಹೊತ್ತು ನೋಡಿದ್ರು. ಅಷ್ಟು ಚಿಕ್ಕದನ್ನ ಓದೋಕೆ ಅಷ್ಟು ಹೊತ್ತು ಬೇಕಾ? ಆಮೇಲೆ ಮೂಗು ಒರೆಸ್ಕೊಂಡು "ಹೇಳು" ಅಂದ್ರು. ಒಂದು ಕಡೆ ತಪ್ಪಿದ್ರೂ "ಮೊದಲಿಂದ ಹೇಳು" ಅಂತಾರೆ. ದಿನಾ ಬೆಳಿಗ್ಗೆ. ಆದ್ರೆ ಊಟ ಲೇಟ್ ಮಾಡಲ್ಲ.

ನಿನ್ನೆ ಮಕ್ಕಳಿಗೆ ಮೊದಲು ಬಡಿಸಿದ್ರು. ನನ್ ತಟ್ಟೆ ತಾತನೇ ತಂದ್ರು. ಮೀನು, ಕೆಸುವಿನೆಲೆ, ಕೋಳಿ ಎಲ್ಲ ಇತ್ತು. ನಾನೂ ಎರಡು ತಟ್ಟೆ ತಿಂದೆ.

ಅಮ್ಮಾ ಒಂದು ಕೇಳ್ತೀನಿ. ಪಾದ್ರಿಯಮ್ಮನ ಮೇಲೆ ನಂಗೂ ಕೋಪ ಬರ್ಬೇಕಾ? ನಿನ್ ಕಾಗದ ಓದಿದ್ಮೇಲೆ ಬರಿಸ್ಕೊಳ್ಳೋಕೆ ನೋಡ್ದೆ. ಬರ್ತಾ ಇಲ್ಲ. ಅವರು ನಂಗೆ ಒತ್ತಕ್ಷರ ಹೇಳ್ಕೊಟ್ರು. ನಿಂಗೆ ಬೇಕು ಅಂದ್ರೆ ಇನ್ನೊಂದ್ಸಲ ನೋಡ್ತೀನಿ.

ಅಜ್ಜಿ ಹೇಳ್ತಿದಾರೆ: ನಾನು ಕೊಟ್ಟ ಮಾತು ತಪ್ಪಿಲ್ಲ, ಅವಳೇ ಎದ್ದು ಹೋದ್ಲು.

ಲೂಪೆ


ಗ್ಯಾಟನ್
ನವೆಂಬರ್ 4, 2018

ಅಪ್ಪಾ,

ಈ ಕಾಗದ ನಿಂಗೆ. ನೀನು ಓದಲ್ಲ ಅಂದ್ರೆ ಬೇಡ. ನೀನು ತೋಟಕ್ಕೆ ಹೊರಡೋಕೆ ಮುಂಚೆ ಜೋರಾಗಿ ಓದು ಅಂತ ಲೂಪೆಗೆ ಹೇಳಿದೀನಿ.

ಡಿಸೆಂಬರ್ ಒಂಬತ್ತಕ್ಕೆ ಬರ್ತೀನಿ. ಮೊದಲು ಅಮ್ಮನ ಕಣ್ಣು. ಆಚೆ ದ್ವೀಪದ ಆಪಿಯಾ ಆಸ್ಪತ್ರೆಗೆ ನಾನೇ ಕರ್ಕೊಂಡ್ ಹೋಗ್ತೀನಿ. ಪ್ರಾರ್ಥನೆ ಮಾಡೋರು ದಡದಲ್ಲಿ ನಿಂತು ಮಾಡ್ಲಿ, ದೋಣಿ ತಪ್ಪಿಸ್ಬೇಡಿ.

ಆಕ್ಲೆಂಡ್ ವಿಷಯ ಫೋನಲ್ಲಿ ಲೂಪೆನ್ನೇ ಕೇಳ್ದೆ. ಸ್ಪೀಕರಲ್ಲಿತ್ತು, ನೀವೆಲ್ಲ ಉಸಿರು ಬಿಡದೆ ಕೇಳಿಸ್ಕೋತಿದ್ದಿದ್ದು ಇಲ್ಲಿಗೆ ಗೊತ್ತಾಗ್ತಿತ್ತು. "ನನ್ ಹಂದಿಮರಿ ದೊಡ್ಡದಾಗ್ಲಿ, ಆಮೇಲೆ ಹೇಳ್ತೀನಿ" ಅಂದ್ಲು. ಸರಿ. ಅಲ್ಲೀವರೆಗೂ ನಾನೂ ಅಲ್ಲೇ ಇರ್ತೀನಿ.

ಸಭೆಗೆ ನಾನು ಬರಲ್ಲ. ಸಂಜೆ ಶಂಖ ಊದಿದಾಗ ನಿಮ್ ಜೊತೆ ಚಾಪೆ ಮೇಲೆ ಕೂರ್ತೀನಿ, ಬಾಯಿ ಬಿಡಲ್ಲ. ಲೂಪೆ ಹಾಡಿದ್ರೆ ಹಾಡ್ಲಿ, ಸುಮ್ನಿದ್ರೆ ಸುಮ್ನಿರ್ಲಿ, ಯಾರೂ ತಿವೀಬಾರ್ದು. ನನ್ ಪಾಪದ ಸಾಲು ಮಾತ್ರ ಇವತ್ತೇ ನಿಲ್ಲಿಸಿ. ಪಾದ್ರಿಯಮ್ಮನಿಗೆ ಹೇಳು, ಟೋಪಿ ವಿಷಯ ಬರ್ದಿದ್ದು ಬರ್ದಿದ್ದೇ, ವಾಪಸ್ ತಗೊಳ್ಳಲ್ಲ. ಆದ್ರೆ ಹಾಳೆ ತಿರುಗಿಸಿ ಲೂಪೆ ಕೈಗೆ ಕೊಟ್ರಲ್ಲ, ಅದು ನಂಗೆ ಗೊತ್ತು ಅಂತ ಹೇಳು.

ಕೋಪ ಬರ್ಬೇಕಾ ಅಂತ ಲೂಪೆ ಕೇಳಿದ್ಲು. ಬೇಡ ಅನ್ನು. ಅದು ನಂದು. ನಂಗೇ ಇನ್ನೂ ಬೇಕು.

ಇನ್ನೊಂದು. ಒಂದಕ್ಷರಾನೂ ತಪ್ಪಿಲ್ಲ ಅಂದ್ಯಂತೆ. ಎರಡನೆಯ ಪತ್ರದಲ್ಲಿ ಒಂದು ಬಿಟ್ಟೋಗಿದೆ. ಲೂಪೆ ಹುಟ್ಟಿದ ದಿನ ಮನೇಲಿ ಮೀನಿತ್ತು ಅಂತ ಬರ್ದೆ. ಎಲ್ಲಿಂದ ಬಂತು ಅಂತ ಬರೀಲಿಲ್ಲ. ನಾನು ನಿದ್ದೆ ಮಾಡ್ತಿರ್ಲಿಲ್ಲ ಅಪ್ಪಾ. ನೀನು ಒದ್ದೆ ಬಟ್ಟೇಲಿ ಬಂದು, ಮೀನು ಚಾಪೆ ಅಂಚಲ್ಲಿ ಇಟ್ಟು, ಮಾತಾಡದೆ ತಿರುಗಿ ಹೋದೆ. ಬೆನ್ನು ನೋಡ್ದೆ. ಬೇಕು ಅಂತಾನೇ ಬರೀಲಿಲ್ಲ.

"ಮನೇಲಿ ಮೀನಿತ್ತು" ಆದ್ಮೇಲೆ ಇದನ್ನ ಸೇರಿಸು: "ಅದನ್ನ ತಾತ ಹಿಡಿದು ತಂದಿದ್ರು."

ಲೂಪೆಗೆ ಹೇಳ್ಕೊಡು. ತಪ್ಪಿದ್ರೆ ಮೊದಲಿಂದ ಹೇಳ್ಸು.

ಮಾಸಿನಾ